ಪಿಕಪ್ ಗಾಡಿಯ ಮೂಗು ಎತ್ತುವ ಮುನ್ನ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಕಚೇರಿಯ ಕೆಲಸ ಮುಗಿಸಿ ಪತ್ರಿಕೆ ತಿರುವಿಹಾಕುವವರು ಇರುವಂತೆಯೇ, ಸ್ವಂತ ಪಿಕಪ್ ಗಾಡಿ ಇಟ್ಟುಕೊಂಡು ವಾಶಿಯ ಮಾರುಕಟ್ಟೆಯಿಂದ ತರಕಾರಿಯನ್ನೋ ಭಿವಂಡಿಯಿಂದ ಬಟ್ಟೆಯ ಗಂಟನ್ನೋ ಸಾಗಿಸುವವರೂ ಇದ್ದಾರೆ. ಅಂಥವರಲ್ಲಿ ವಿಜಾಪುರದ ಕಡೆಯ ತರುಣರೊಬ್ಬರು ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತರು. ನಾನು ಮೋಟಾರು ಕಾರ್ಖಾನೆಗಳಲ್ಲಿ ಬಹುಕಾಲ ಕೈ ಕಪ್ಪು ಮಾಡಿಕೊಂಡವನೆಂಬುದು ಅವರಿಗೆ ಗೊತ್ತು.

"ಕಾಕಾ, ಗಾಡಿ ಮೂಗು ಕೆಳಗ ಇಳದೈತ್ರಿ. ತೆಗ್ಗು ಬಂದ್ರ ತಳ ಬಡೀತೈತಿ. ಅಮೇರಿಕಾದಾಗ ಮನಿ ಅಂಗಳದಾಗ ನಿಂತು ಎರಡು ಇಂಚು ಎತ್ತತಾರ, ಮೊಬೈಲಿನ್ಯಾಗ ನೋಡೇನಿ. ನಾನೂ ಎತ್ತಲೇನ್ರಿ?"

"ಎತ್ತೂದು ಒಂದು ತಾಸಿನ ಕೆಲಸ ಖರೆ, ತಮ್ಮಾ. ಆದರ ಎತ್ತಿದ ಮ್ಯಾಲ ಏನೇನು ಅದರ ಸಂಗಡ ಸರೀತೈತಿ ಅನ್ನೂದು ಮೊದಲ ತಿಳಕೋ," ಎಂದೆ.

ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. "ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ" ಎಂಬ ನಮ್ಮ ಗಾದೆ ಮನುಷ್ಯನಿಗೆ ಹೇಗೋ ಗಾಡಿಗೂ ಹಾಗೆಯೇ ಅನ್ವಯಿಸುತ್ತದೆ. ಮುಂಭಾಗದ ಎತ್ತರವೆಂಬುದು ಒಂಟಿಯಾಗಿ ನಿಂತ ಸಂಗತಿಯಲ್ಲ. ಅದನ್ನು ಮುಟ್ಟಿದರೆ ಚಕ್ರದ ನಿಲುವು, ಟೈರಿನ ಆಯುಸ್ಸು, ದೀಪದ ನೋಟ, ಕಡೆಗೆ ಕಾಯಿದೆಯ ಕಲಮಿನವರೆಗೆ ಎಲ್ಲವೂ ಅಲುಗುತ್ತವೆ.

ಮೂಗು ತಗ್ಗಾಗಿರುವುದೇಕೆ?

ಮೊದಲು ಅಮೇರಿಕದ ಮಾತನ್ನೇ ತೆಗೆದುಕೊಳ್ಳೋಣ; ಏಕೆಂದರೆ ಈ ಪದ್ಧತಿ ಬೆಳೆದು ಬಂದದ್ದು ಅಲ್ಲಿ. ಪಿಕಪ್ ಗಾಡಿ ಅಲ್ಲಿ ರೈತನಿಂದ ಹಿಡಿದು ಕಚೇರಿಯ ಗುಮಾಸ್ತನವರೆಗೆ ಎಲ್ಲರ ಮನೆಯ ವಾಹನ. ಫೋರ್ಡ್ ಸಂಸ್ಥೆಯ ಎಫ್ ಶ್ರೇಣಿಯ ಪಿಕಪ್ಪುಗಳು 1977ರಿಂದ ಆ ದೇಶದ ಪಿಕಪ್ಪುಗಳಲ್ಲೆಲ್ಲ ಹೆಚ್ಚು ಮಾರಾಟವಾಗುತ್ತ ಬಂದಿವೆ. ಇಂಥ ಗಾಡಿಯನ್ನು ಖಾಲಿಯಾಗಿ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿದರೆ, ಹಿಂಭಾಗಕ್ಕಿಂತ ಮುಂಭಾಗ ಒಂದರಿಂದ ಮೂರು ಅಂಗುಲದಷ್ಟು ತಗ್ಗಾಗಿ ಕಾಣುವುದುಂಟು. ಕೆಲವರಿಗೆ ಇದು ಅಂದಗೇಡಾಗಿ ತೋರುತ್ತದೆ. ಮುಂದೆ ದೊಡ್ಡ ಟೈರು ಹಾಕಬೇಕೆಂಬ ಹಂಬಲವೂ ಕೆಲವರಿಗೆ ಇರುತ್ತದೆ. ಹೀಗಾಗಿ ಮುಂದಿನ ಎರಡು ಅಂಗುಲವನ್ನು ಎತ್ತಿ ಹಿಂದು ಮುಂದು ಸಮ ಮಾಡುವ ಸಾಮಾನಿನ ಪೆಟ್ಟಿಗೆಗಳು ಅಲ್ಲಿನ ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತವೆ.

ಆದರೆ ತಯಾರಕರು ಕಣ್ಣು ತಪ್ಪಿ ಹೀಗೆ ಮಾಡಿದ್ದಲ್ಲ. ಪಿಕಪ್ ಎಂದರೆ ಹೊರೆ ಹೊರುವ ಗಾಡಿ, ಹೊರೆ ಕೂರುವುದು ಹಿಂದೆ. ಎತ್ತಿನ ಬಂಡಿಯಲ್ಲಿ ಚೀಲಗಳನ್ನು ಹಿಂದಕ್ಕೆ ಪೇರಿಸಿದರೆ ಮೂಕಿ ಮೇಲೇಳುವುದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹೊರೆ ತುಂಬಿದಾಗ ಹಿಂಭಾಗ ಇಳಿದು ಗಾಡಿ ಸಮಕ್ಕೆ ಬರಲಿ ಎಂದೇ ಖಾಲಿ ಇರುವಾಗ ಮುಂದೆ ಇಳಿಜಾರು ಇಟ್ಟಿರುತ್ತಾರೆ. ಖಾಲಿಯಿದ್ದಾಗಲೇ ಸಮ ಮಾಡಿದ ಗಾಡಿಗೆ ಹೊರೆ ಹೇರಿದರೆ ಅದರ ಮೂಗು ಆಕಾಶ ನೋಡುತ್ತದೆ. ಆದ್ದರಿಂದ ನಿತ್ಯ ಹೊರೆ ಸಾಗಿಸುವವರಿಗೆ ಈ ಸಮ ಮಾಡುವ ಶೋಕಿ ತಕ್ಕದ್ದಲ್ಲವೆಂಬುದು ಮೊದಲ ಮಾತು.

ಎರಡನೆಯ ಮಾತು: ಗಾಡಿ ಹುಟ್ಟಿನಿಂದಲೇ ತಗ್ಗಾಗಿರುವುದು ಬೇರೆ, ವಯಸ್ಸಾಗಿ ಕುಸಿದಿರುವುದು ಬೇರೆ. ಹಳೆಯ ಸ್ಪ್ರಿಂಗು ದಣಿದು ಕುಸಿಯಬಹುದು, ಪ್ಲೇಟು ಸ್ಪ್ರಿಂಗಿನಲ್ಲಿ ಒಂದು ಪ್ಲೇಟು ಮುರಿದಿರಬಹುದು, ಆರ್ಮಿನ ರಬ್ಬರು ಬುಷ್ಷು ಸವೆದಿರಬಹುದು, ಅಥವಾ ಬರೀ ಟೈರಿನ ಗಾಳಿ ಕಡಿಮೆ ಇರಬಹುದು. ರೋಗ ಇದಾಗಿದ್ದರೆ ಔಷಧವೂ ಇದಕ್ಕೇ ಆಗಬೇಕು. ಮುರಿದ ಪ್ಲೇಟನ್ನು ಹಾಗೆಯೇ ಬಿಟ್ಟು ಮೇಲೊಂದು ಬಿಲ್ಲೆ ಇಟ್ಟು ಎತ್ತರಿಸುವುದೆಂದರೆ ಜ್ವರ ಬಂದವನ ಹಣೆಗೆ ಪೌಡರು ಹಚ್ಚಿದಂತೆ.

ಮೂರು ಬಗೆಯ ಮುಂಗಾಲು

ಪಿಕಪ್ಪುಗಳ ಮುಂಭಾಗವನ್ನು ಹೊತ್ತಿರುವ ಸ್ಪ್ರಿಂಗು ಸಾಮಾನ್ಯವಾಗಿ ಮೂರು ಬಗೆ. ಯಾವ ಬಗೆಯೆಂದು ತಿಳಿಯದೆ ಪಾನಾ ಹಿಡಿಯಬಾರದು.

ಒಂದನೆಯದು ಪ್ಲೇಟು ಸ್ಪ್ರಿಂಗು. ಲಾರಿಗಳಲ್ಲಿ ಕಾಣುವಂತೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿರುತ್ತಾರೆ. ಮರಾಠಿಯವರು ಇದನ್ನು ಪಾಟಾ ಎನ್ನುತ್ತಾರೆ. ಇದರಲ್ಲಿ ಮುಂಭಾಗ ಏರಿಸುವ ಸರಿಯಾದ ದಾರಿಯೆಂದರೆ ದಣಿದ ಸ್ಪ್ರಿಂಗನ್ನು ಬದಲಿಸುವುದು. ಕೆಲವರು ಸ್ಪ್ರಿಂಗಿನ ತುದಿಯಲ್ಲಿರುವ ಷ್ಯಾಕಲ್ ಎಂಬ ಕೊಂಡಿಯನ್ನು ಉದ್ದ ಮಾಡುತ್ತಾರೆ. ಎರಡು ಅಂಗುಲ ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಅಂಗುಲ, ಏಕೆಂದರೆ ಸ್ಪ್ರಿಂಗಿನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಒಂದು ತುದಿ ಮಾತ್ರ ಇಳಿದದ್ದರಿಂದ ಅಚ್ಚು ಹೊರಳಿ, ಸ್ಟಿಯರಿಂಗಿನ ನಿಲುವೇ ಕೆಡುತ್ತದೆ. ಇನ್ನು ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಗಟ್ಟಿ ಇಡುವ ಪದ್ಧತಿ ಹಿಂದಿನ ಅಚ್ಚಿಗೆ ಉಂಟು. ಮುಂದಿನ ಅಚ್ಚಿಗೆ ಅದನ್ನು ಎಂದಿಗೂ ಮಾಡಬಾರದು. ಬ್ರೇಕು ಒತ್ತಿದಾಗ, ಚಕ್ರ ತಿರುಗಿಸಿದಾಗ ಬೀಳುವ ಜಗ್ಗು ಆ ಗಟ್ಟಿಯನ್ನು ಜಾರಿಸಿಬಿಟ್ಟರೆ ಗಾಡಿ ಕೈಯಲ್ಲಿ ಉಳಿಯುವುದಿಲ್ಲ.

ಎರಡನೆಯದು ಸುರುಳಿ ಸ್ಪ್ರಿಂಗು. ಷಾಕ್‌ಅಬ್ಸಾರ್ಬರಿನ ಸುತ್ತ ದಪ್ಪ ಸುರುಳಿಯನ್ನು ಅದುಮಿ ಕೂರಿಸಿ, ಇಡೀ ಜೋಡಣೆಯನ್ನು ಕೆಳ ಆರ್ಮಿಗೂ ಚಾಸಿಗೂ ನಡುವೆ ನಿಲ್ಲಿಸಿರುತ್ತಾರೆ. ಫೋರ್ಡ್ ಎಫ್-150 ಗಾಡಿಗೆ 2004ರ ಮಾದರಿಯಿಂದ ಈ ಬಗೆ ಬಂತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಜೋಡಣೆಯಾಗಿ 2022ರಲ್ಲಿ ನಮ್ಮ ಪೇಟೆಗೆ ಬಂದ ಟೊಯೋಟಾ ಹೈಲಕ್ಸ್ ಪಿಕಪ್ಪಿನ ಮುಂದೆಯೂ ಸುರುಳಿಯೇ, ಹಿಂದೆ ಮಾತ್ರ ಪ್ಲೇಟು. ಇದನ್ನು ಏರಿಸಲು ಜೋಡಣೆಯ ನೆತ್ತಿಗೂ ಚಾಸಿಗೂ ನಡುವೆ ಒಂದು ದಪ್ಪ ಬಿಲ್ಲೆ ಇಡುತ್ತಾರೆ. ಇಲ್ಲೊಂದು ಸೋಜಿಗ ಉಂಟು: ಒಂದು ಅಂಗುಲದ ಬಿಲ್ಲೆಗೆ ಗಾಡಿ ಎರಡು ಅಂಗುಲದ ಹತ್ತಿರ ಏರುತ್ತದೆ. ನಮ್ಮ ಹಳ್ಳಿಯ ಏತವನ್ನು ನೆನೆಯಿರಿ. ಆಧಾರದ ಹತ್ತಿರ ಗೇಣು ಇಳಿದರೆ ತುದಿಯಲ್ಲಿ ಮೊಳ ಏರುತ್ತದೆ. ಕೆಳ ಆರ್ಮಿನ ತುದಿಯಲ್ಲಿ ಚಕ್ರ, ನಡುವಿನಲ್ಲಿ ಸ್ಪ್ರಿಂಗು ಇರುವುದರಿಂದ ಹೀಗಾಗುತ್ತದೆ.

ಮೂರನೆಯದು ತಿರುಚು ಸರಳು, ಕಾರ್ಖಾನೆಯ ಮಾತಿನಲ್ಲಿ ಟಾರ್ಷನ್ ಬಾರು. ಒದ್ದೆ ಪಂಚೆಯನ್ನು ಹಿಂಡುವಾಗ ಒಂದು ತುದಿ ಹಿಡಿದು ಇನ್ನೊಂದನ್ನು ತಿರುಚುತ್ತೇವಷ್ಟೆ? ಹಾಗೆಯೇ ಉದ್ದನೆಯ ಉಕ್ಕಿನ ಸರಳಿನ ಒಂದು ತುದಿಯನ್ನು ಚಾಸಿಗೆ ಬಿಗಿದು, ಇನ್ನೊಂದನ್ನು ಚಕ್ರದ ಆರ್ಮಿಗೆ ಸೇರಿಸುತ್ತಾರೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ; ಪಂಚೆ ಹಿಂಡಿದಂತೆಯೇ ಉಳಿದರೆ, ಉಕ್ಕು ಮಾತ್ರ ಮರಳಿ ಬಿಚ್ಚಿಕೊಂಡು ಚಕ್ರವನ್ನು ಕೆಳಗೆ ಒತ್ತುತ್ತದೆ. ಈ ಏರ್ಪಾಡಿಗೆ ಫರ್ಡಿನೆಂಡ್ ಪೋರ್ಷೆ 1931ರಲ್ಲಿ ಹಕ್ಕುಪತ್ರ ಪಡೆದರು. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ 1934ರಲ್ಲಿ ತನ್ನ ಕಾರಿಗೆ ಇದನ್ನು ಅಳವಡಿಸಿತು. ಷೆವರ್ಲೆ ಸಿಲ್ವರಾಡೊ 1500 ಪಿಕಪ್ಪಿನಲ್ಲಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಗಳಿಗೆ 1999ರಿಂದ 2006ರ ಮಾದರಿಯವರೆಗೆ ಮುಂದೆ ಇದೇ ಸರಳು ಇತ್ತು. ನಮ್ಮ ತರುಣರ ಗಾಡಿಯದೂ ಇದೇ ಬಗೆ.

ಮನೆಯಲ್ಲಿ ಸರಿಪಡಿಸಲು ಮೂರರಲ್ಲಿ ಹೆಚ್ಚು ಅನುಕೂಲವಾದದ್ದು ಇದೇ. ಸರಳಿನ ಹಿಂತುದಿ ಒಂದು ಚಿಕ್ಕ ಸನ್ನೆಯೊಳಗೆ ಕೂತಿರುತ್ತದೆ, ಆ ಸನ್ನೆಯನ್ನು ಒಂದು ಬೋಲ್ಟು ಒತ್ತಿ ಹಿಡಿದಿರುತ್ತದೆ. ಬೋಲ್ಟು ಬಿಗಿದರೆ ಸನ್ನೆ ತಿರುಗಿ, ಸರಳು ತಿರುಗಿ, ಗಾಡಿಯ ಮೂಗು ಏರುತ್ತದೆ. ಕಾಲ ಕಳೆದು ಗಾಡಿ ಕುಸಿದರೆ ಸರಿಪಡಿಸಿಕೊಳ್ಳಲಿ ಎಂದು ತಯಾರಕರೇ ಇಟ್ಟ ಅನುಕೂಲ ಇದು.

ಬೋಲ್ಟು ಬಿಗಿದರೆ ಸ್ಪ್ರಿಂಗು ಗಡುಸಾಗುತ್ತದೆಂದು ಅನೇಕ ಮಿಸ್ತ್ರಿಗಳೂ ನಂಬಿದ್ದಾರೆ. ಅದು ಸರಿಯಲ್ಲ. ಸರಳಿನ ಗಡಸುತನ ಅದರ ಉದ್ದ, ದಪ್ಪ, ಉಕ್ಕುಗಳಿಗೆ ಸೇರಿದ್ದು. ಬೋಲ್ಟು ಬದಲಿಸುವುದು ಅದು ಎಲ್ಲಿಂದ ತಿರುಚಲು ತೊಡಗುತ್ತದೆ ಎಂಬುದನ್ನು ಮಾತ್ರ. ಹಾಗಾದರೆ ಏರಿಸಿದ ಗಾಡಿ ಹೆಚ್ಚು ಕುಲುಕುವುದೇಕೆ? ಚಕ್ರ ಕೆಳಗಿಳಿಯಲು ಇದ್ದ ಅವಕಾಶವನ್ನು ನಾವು ಮೊದಲೇ ತಿಂದುಬಿಟ್ಟಿರುತ್ತೇವೆ. ಚಕ್ರ ತೆಗ್ಗಿಗೆ ಇಳಿಯಬೇಕಾದಾಗ ಇಳಿಯಲು ಜಾಗವಿಲ್ಲದೆ ಆರ್ಮು ತನ್ನ ತಡೆಗೆ ಹೋಗಿ ಠಪ್ಪೆಂದು ಬಡಿಯುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಚಕ್ರಕ್ಕೂ ಸಲ್ಲುವ ಮಾತು.

ಮೂಗಿನ ಸಂಗಡ ಅಲುಗುವವು

ಚಕ್ರ ನೆಲದ ಮೇಲೆ ಹೇಗೆ ನಿಂತಿದೆ ಎಂಬುದನ್ನು ಮೂರು ಕೋನಗಳಿಂದ ಅಳೆಯುತ್ತಾರೆ. ಎದುರಿನಿಂದ ನೋಡಿದಾಗ ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿಗಳು ಪಾದಗಳಂತೆ ಒಳಮುಖವೋ ಹೊರಮುಖವೋ ಎಂಬುದು ಟೋ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಹಿಂದಕ್ಕೆ ವಾಲಿರುವಂತೆ, ಚಕ್ರ ತಿರುಗುವ ಕೀಲಿನ ವಾಲುವಿಕೆ ಕ್ಯಾಸ್ಟರ್. ತಿರುವಿನ ಬಳಿಕ ಸ್ಟಿಯರಿಂಗು ತಾನೇ ನೆಟ್ಟಗಾಗುವುದರಲ್ಲಿ ಇದರ ಪಾಲು ದೊಡ್ಡದು.

ಚಕ್ರವನ್ನು ಹಿಡಿದಿರುವ ಮೇಲಿನ ಆರ್ಮು, ಕೆಳಗಿನ ಆರ್ಮು, ಸ್ಟಿಯರಿಂಗಿನ ಟೈ ರಾಡು ಮೂರೂ ಬೇರೆ ಬೇರೆ ಉದ್ದದವು, ಬೇರೆ ಬೇರೆ ಕೀಲಿನಿಂದ ತೂಗುವವು. ಎತ್ತರ ಬದಲಾದರೆ ಒಂದೊಂದೂ ತನ್ನದೇ ಕಮಾನಿನಲ್ಲಿ ಸರಿಯುತ್ತದೆ; ಮೂರು ಕೋನಗಳೂ ಕದಲುತ್ತವೆ. ಟೋ ಒಂದನ್ನೇ ಲೆಕ್ಕ ಹಾಕಿ ನೋಡಿ. 70 ಸೆಂಟಿಮೀಟರು ವ್ಯಾಸದ ಚಕ್ರಗಳ ಮುಂತುದಿಗೂ ಹಿಂತುದಿಗೂ ಒಟ್ಟು 3 ಮಿಲಿಮೀಟರಿನ ವ್ಯತ್ಯಾಸ ಬಿದ್ದಿತೆನ್ನಿ. ಆಗ ಒಂದೊಂದು ಟೈರೂ ಕಿಲೋಮೀಟರಿಗೆ ಎರಡು ಮೀಟರಿನಷ್ಟು ಅಡ್ಡಲಾಗಿ ಉಜ್ಜಿಕೊಳ್ಳುತ್ತದೆ. ದಿನಕ್ಕೆ ನೂರು ಕಿಲೋಮೀಟರು ಓಡುವ ಗಾಡಿಯಾದರೆ, ಸಂಜೆಗೆ ಇನ್ನೂರು ಮೀಟರು ಟೈರನ್ನು ರಸ್ತೆಯ ಮೇಲೆ ಅಡ್ಡಕ್ಕೆ ಎಳೆದಂತಾಯಿತು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪರಿಚಯದವರೊಬ್ಬರ ಗಾಡಿಯ ಸರಳನ್ನು ಒಂದು ಭಾನುವಾರ ನಾನೇ ಬಿಗಿದು ಎರಡು ಅಂಗುಲ ಏರಿಸಿಕೊಟ್ಟೆ. ಅಲೈನ್‌ಮೆಂಟಿಗೆ ಹಣ ಕೊಡುವುದು ದಂಡವೆಂದು ಅವರೂ ಎಂದರು, ನಾನೂ ತಲೆಯಾಡಿಸಿದೆ. ಎರಡು ತಿಂಗಳಿಗೆ ಮುಂದಿನ ಎರಡು ಹೊಸ ಟೈರುಗಳ ಒಂದು ಅಂಚು ಸಂಪೂರ್ಣ ಬೋಳಾಗಿ ದಾರ ಕಾಣತೊಡಗಿತು. ಅವರು ಸಾಲ ಮಾಡಿ ಕೊಂಡ ಟೈರುಗಳು ಅವು. ಅವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಾದರೆ ಮುಂದಿನ ಚಕ್ರಕ್ಕೆ ಹೋಗುವ ಕೀಲು ಅಚ್ಚು ಹೆಚ್ಚು ಓರೆಯಾಗಿ ತಿರುಗಬೇಕಾಗುತ್ತದೆ; ಅದರ ರಬ್ಬರು ಬೂಟು ಬೇಗ ಸೀಳುತ್ತದೆ. ಬೂಟು ಸೀಳಿ ಗ್ರೀಸು ಹೊರಬಿದ್ದು ಮಣ್ಣು ಒಳಹೊಕ್ಕರೆ ಕೀಲಿನ ಕಥೆ ಮುಗಿಯಿತು. ಬಾಲ್ ಜಾಯಿಂಟುಗಳೂ ತಮ್ಮ ಓರೆಯ ಅಂಚಿನಲ್ಲಿ ದುಡಿಯಬೇಕಾಗುತ್ತದೆ.

ದೀಪದ ಮಾತನ್ನು ಬಹಳ ಮಂದಿ ಮರೆಯುತ್ತಾರೆ. ಎಫ್-150ರಂಥ ದೊಡ್ಡ ಪಿಕಪ್ಪಿನ ಮುಂದಿನ ಹಿಂದಿನ ಅಚ್ಚುಗಳ ನಡುವೆ ಸುಮಾರು 145 ಅಂಗುಲ ಅಂತರವಿದೆ. ಮುಂದೆ ಎರಡು ಅಂಗುಲ ಏರಿಸಿದರೆ ಗಾಡಿ 72ಕ್ಕೆ ಒಂದರಂತೆ ಮೇಲಕ್ಕೆ ವಾಲುತ್ತದೆ. ಕೇಳಲು ಅಲ್ಪವೇ, ಆದರೆ 25 ಮೀಟರು ದೂರದಲ್ಲಿ ದೀಪದ ಬೆಳಕು ಮೊದಲಿಗಿಂತ ಒಂದು ಅಡಿಗೂ ಹೆಚ್ಚು ಮೇಲೆ ಬೀಳುತ್ತದೆ. ಎಂದರೆ, ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರು ಬರುವ ಸ್ಕೂಟರಿನವನ ಕಣ್ಣಿಗೆ ಬೀಳುತ್ತದೆ. ಇಕ್ಕಟ್ಟಾದ ಘಾಟಿಯ ರಸ್ತೆಯಲ್ಲಿ ಇದರ ಫಲವೇನೆಂದು ಹೇಳಬೇಕೆ?

ಅಮೇರಿಕದಲ್ಲಿಯೇ ಇದು ಅತಿಗೆ ಹೋಯಿತು. ಹಿಂಭಾಗವನ್ನು ಕೂರಿಸಿ ಮೂಗನ್ನು ವಿಪರೀತ ಎತ್ತುವ ಶೋಕಿ ಕೆಲವು ತರುಣರಿಗೆ ಹಿಡಿಯಿತು. ಚಾಲಕನ ಕಣ್ಣಿಗೆ ಮುಂದಿನ ರಸ್ತೆಗಿಂತ ಬಾನೆಟ್ಟೇ ಹೆಚ್ಚು ಕಾಣುವಂಥ ಗಾಡಿಗಳು ಬಂದವು. ಕಡೆಗೆ ನಾರ್ತ್ ಕ್ಯಾರೊಲೈನಾ 2021ರಲ್ಲಿ, ವರ್ಜೀನಿಯಾ 2022ರಲ್ಲಿ, ಸೌತ್ ಕ್ಯಾರೊಲೈನಾ 2023ರಲ್ಲಿ ಕಾಯಿದೆ ಮಾಡಿ, ಮುಂದಿನ ಮಡ್‌ಗಾರ್ಡು ಹಿಂದಿನದಕ್ಕಿಂತ ನಾಲ್ಕು ಅಂಗುಲ ಅಥವಾ ಅದಕ್ಕೂ ಹೆಚ್ಚು ಮೇಲಿರುವಂತೆ ಮಾರ್ಪಡಿಸುವುದನ್ನು ನಿಷೇಧಿಸಿದವು.

ನಮ್ಮ ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ನಿಯಮ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೊದಲು ಗೊತ್ತುಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದ ರೀತಿಯಲ್ಲಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದ ಮೇಲೆ ವಿಮೆಯವರು ತಕರಾರು ತೆಗೆಯುವುದಕ್ಕೂ ಇದು ಅವಕಾಶ ಕೊಡುತ್ತದೆ.

ಆದರೆ ಕುಸಿದ ಗಾಡಿಯನ್ನು ತಯಾರಕರೇ ಇಟ್ಟ ಬೋಲ್ಟಿನಿಂದ, ತಯಾರಕರೇ ಕೊಟ್ಟ ಅಳತೆಗೆ ಮರಳಿ ತರುವುದು ದುರಸ್ತಿ. ಆ ಅಳತೆಯನ್ನು ದಾಟಿ ಎತ್ತುವುದು ಮಾರ್ಪಾಟಿನ ದಾರಿ. ಇವೆರಡರ ನಡುವಿನ ಗೆರೆಯನ್ನು ದಾಟದಿರುವುದೇ ನಮ್ಮಂಥವರಿಗೆ ಕ್ಷೇಮ.

ಕೆಲಸದ ಕ್ರಮ

ತಿರುಚು ಸರಳಿನ ಗಾಡಿಯನ್ನು ಅದರ ಸ್ವಂತ ಅಳತೆಗೆ ತರುವ ಕ್ರಮ ಹೀಗಿದೆ.

ಮೊದಲು ಗಾಡಿಯ ಸರ್ವಿಸ್ ಪುಸ್ತಕದಿಂದ ಎತ್ತರದ ಅಳತೆಯನ್ನೂ, ಅದನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದನ್ನೂ ಬರೆದುಕೊಳ್ಳಬೇಕು. ಗಾಡಿಯನ್ನು ಖಾಲಿ ಮಾಡಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ಇದರ ಜೊತೆಗೆ ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೂ ಅಳೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕದಲ್ಲಿ ಬೆರೆಯುತ್ತವೆ. ಚಕ್ರದ ನಡುವಿನಿಂದ ಅಳೆದರೆ ಆ ಗೊಂದಲವಿಲ್ಲ.

ಆಮೇಲೆ ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಬೇಕು. ಮುಂಭಾಗವನ್ನು ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಎರಡು ಗಟ್ಟಿ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಜಾಕು ಎತ್ತಲು ಇರುವುದು, ಹಿಡಿದು ನಿಲ್ಲಲು ಅಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆಯನ್ನೂ ನಂಬಬೇಡಿ, ಅದು ಸೂಚನೆ ಕೊಡದೆ ಒಡೆಯುತ್ತದೆ.

ಬೋಲ್ಟನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಅದರ ತಲೆಯ ಮೇಲೆ ಬಣ್ಣದಿಂದ ಗೆರೆ ಎಳೆದು, ತಿರುಗಿಸಿದ ಸುತ್ತುಗಳನ್ನು ಎಣಿಸಿ ಬರೆದಿಡಿ. ಒಮ್ಮೆಗೆ ಒಂದೆರಡು ಸುತ್ತು ಸಾಕು. ಇಷ್ಟು ಸುತ್ತಿಗೆ ಇಷ್ಟು ಅಂಗುಲವೆಂಬ ಲೆಕ್ಕ ಗಾಡಿಯಿಂದ ಗಾಡಿಗೆ ಬೇರೆ. ಆದ್ದರಿಂದ ನಿಮ್ಮ ಗಾಡಿಯ ಲೆಕ್ಕವನ್ನು ನೀವೇ ಕಂಡುಕೊಳ್ಳಬೇಕು. ಒಂದು ಕಡೆ ಮಾತ್ರ ಬಹಳ ಬಿಗಿಯುವುದೂ ತಪ್ಪು.

ಗಾಡಿಯನ್ನು ಇಳಿಸಿದೊಡನೆ ಅಳೆಯಬಾರದು. ಇಳಿಯುವಾಗ ಟೈರುಗಳು ನೆಲವನ್ನು ಕಚ್ಚಿ ಹಿಡಿದು, ಮೂಗು ಸುಳ್ಳೇ ಎತ್ತರವಾಗಿ ನಿಂತಿರುತ್ತದೆ. ಸ್ವಲ್ಪ ದೂರ ಹಿಂದೆ ಮುಂದೆ ಓಡಿಸಿ, ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಬಿಟ್ಟ ಮೇಲೆ ಅಳೆಯಿರಿ. ಬೇಕಾದ ಅಳತೆ ಬರುವವರೆಗೆ ಹೀಗೆ ಮತ್ತೆ ಮತ್ತೆ ಮಾಡಬೇಕು. ಬೋಲ್ಟು ತುದಿಯವರೆಗೆ ಹೋದರೂ ಗಾಡಿ ಏಳದಿದ್ದರೆ ಸರಳು ದಣಿದಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸಿ.

ಮುಗಿದ ಮೇಲೆ ಅದೇ ದಿನ ಅಲೈನ್‌ಮೆಂಟು ಮಾಡಿಸಬೇಕು. ಅದಾದ ಮೇಲೆ ದೀಪದ ನೇರವನ್ನು ಸರಿಪಡಿಸಬೇಕು. ಚಕ್ರ ಪೂರ್ತಿ ಇಳಿದಾಗಲೂ ಪೂರ್ತಿ ತಿರುಗಿದಾಗಲೂ ಬ್ರೇಕಿನ ರಬ್ಬರು ಕೊಳವೆ ಜಗ್ಗಿಕೊಳ್ಳುವುದಿಲ್ಲವೆಂದು ನೋಡಿಕೊಳ್ಳಿ.

ಇನ್ನು ಮುಟ್ಟಬಾರದ ಎರಡು ಜಾಗಗಳನ್ನು ಒತ್ತಿ ಹೇಳಬೇಕು. ತಿರುಚು ಸರಳಿನ ಸನ್ನೆಯನ್ನು ಬಿಚ್ಚಿ ಬೇರೆಯದನ್ನು ಹಾಕುವ ಪದ್ಧತಿ ಅಮೇರಿಕದಲ್ಲಿ ಉಂಟು. ಸರಳಿನ ಬಿಗಿಯನ್ನು ಹಿಡಿದು ನಿಧಾನವಾಗಿ ಬಿಡುವ ವಿಶೇಷ ಉಪಕರಣ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಸುರುಳಿ ಸ್ಪ್ರಿಂಗಿನ ಗಾಡಿಯಲ್ಲಿ ಜೋಡಣೆಯ ನೆತ್ತಿಯ ನಡುವೆ ಒಂದೇ ಒಂದು ನಟ್ಟು ಇರುತ್ತದೆ. ಅದ್ದಿದ ಸುರುಳಿಯನ್ನು ಹಿಡಿದಿರುವುದು ಅದೇ. ಚಕ್ರ ತೂಗಾಡುತ್ತಿರುವಾಗಲೂ ಆ ಸುರುಳಿಯೊಳಗೆ ನೂರಾರು ಕಿಲೋ ಬಲ ಅಡಗಿರುತ್ತದೆ. ಆ ನಟ್ಟು ಸಡಿಲಿಸಿದರೆ ಸುರುಳಿ ಗುಂಡಿನಂತೆ ಹಾರುತ್ತದೆ. ಕೈ ಹೋದವರೂ ಜೀವ ಹೋದವರೂ ಇದ್ದಾರೆ. ಇವೆರಡೂ ಕಾರ್ಖಾನೆಯ ಕೆಲಸ, ಅಂಗಳದ ಕೆಲಸವಲ್ಲ.

ತರುಣರ ಗಾಡಿ ಏನಾಯಿತು?

ಮರುದಿನ ಭಾನುವಾರ ಇಬ್ಬರೂ ಸೇರಿ ಗಾಡಿ ಅಳೆದೆವು. ಬಲಗಡೆ ಅಳತೆ ಬಹುಮಟ್ಟಿಗೆ ಸರಿಯಿತ್ತು. ಎಡಗಡೆ ಪುಸ್ತಕದ ಅಳತೆಗಿಂತ ಒಂದೂಕಾಲು ಅಂಗುಲ ಕಡಿಮೆ. ಎಡ ಟೈರಿನ ಗಾಳಿಯೂ ಅರ್ಧಕ್ಕೆ ಇಳಿದಿತ್ತು. ಗಾಳಿ ತುಂಬಿಸಿ, ಕ್ರಮದಂತೆ ಎಡದ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದು, ಬಲದ್ದನ್ನು ಅದಕ್ಕೆ ಹೊಂದಿಸಿ, ಎರಡೂ ಬದಿಯನ್ನು ಪುಸ್ತಕದ ಅಳತೆಗೆ ತಂದೆವು. ಜಾಕು ಏರಿಸಿ ಇಳಿಸಿದ್ದು ಐದು ಸಲ. ಸಂಜೆಯೇ ಅಲೈನ್‌ಮೆಂಟು ಮಾಡಿಸಿಕೊಂಡು ಬಂದರು.

"ಎರಡು ಇಂಚು ಏರಲಿಲ್ಲಲ್ಲ?" ಎಂದು ಕೇಳಿದೆ.

"ಬ್ಯಾಡ್ರಿ ಕಾಕಾ. ತೆಗ್ಗಿನ್ಯಾಗ ತಳ ಬಡಿಯೂದು ನಿಂತ್ರ ಸಾಕಾತು," ಎಂದರು.

ಅವರು ಆ ಬಳಿಕ ಆ ಗಾಡಿಯಲ್ಲೇ ಹೊರೆ ಹೇರಿಕೊಂಡು ಘಾಟಿ ಹತ್ತಿ ಊರಿಗೂ ಹೋಗಿ ಬಂದಿದ್ದಾರೆ. ಮುಂದಿನ ಟೈರುಗಳ ಮೇಲೆ ಕೈಯಾಡಿಸಿ ನೋಡಿದೆ. ಸವೆತ ಎರಡೂ ಅಂಚಿಗೆ ಸಮನಾಗಿದೆ. ಅಳತೆಗಳನ್ನು ಬರೆದ ಚಿಕ್ಕ ಪುಸ್ತಕವನ್ನು ಅವರು ಗಾಡಿಯ ಡ್ಯಾಷ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದಾರೆ. ಗಾಡಿ ಇರುವ ಇತರ ಸದಸ್ಯರೂ ಇವತ್ತೇ ಹೊಸದಾಗಿ ಒಂದು ಪುಟ ತೆರೆದು, ನಾಲ್ಕು ಚಕ್ರಗಳ ಅಳತೆಯನ್ನೂ ತಾರೀಖನ್ನೂ ಬರೆದಿಟ್ಟರೆ, ಗಾಡಿ ಯಾವಾಗ ಕುಸಿಯತೊಡಗಿತೆಂದು ತಳ ಬಡಿಯುವ ಮೊದಲೇ ತಿಳಿಯುತ್ತದೆ. ಅದಕ್ಕೆ ಬೇಕಾದದ್ದು ಒಂದು ಅಳತೆಯ ಪಟ್ಟಿ, ಒಂದು ಪೆನ್ಸಿಲು, ಹತ್ತು ನಿಮಿಷ.